ಕಲಬುರಗಿಯಲ್ಲಿ ಕಾಫಿ ಹುರಿಯುವ ಮುನ್ನ ಹಾಕಬೇಕಾದ ಲೆಕ್ಕ

ಕಲಬುರಗಿ ಚಹಾದ ಊರು. ಗಂಜಿನ (ಧಾನ್ಯ ಮಾರುಕಟ್ಟೆಯ) ಅಡತಿ ಅಂಗಡಿಯಲ್ಲಿ ಸೌದಾ ಕುದುರಿದ ಮೇಲೆ ಬರುವುದು ಚಹಾ, ಕಾಫಿಯಲ್ಲ. ಕಾಫಿ ತೋಟಗಳಿರುವ ಚಿಕ್ಕಮಗಳೂರು, ಹಾಸನ, ಕೊಡಗು ಇಲ್ಲಿಂದ ಐನೂರು ಕಿಲೋಮೀಟರಿಗೂ ಆಚೆ. ಆದರೂ ದಾಲ್ ಮಿಲ್ಲಿನ ಒಂದು ಮೂಲೆಯಲ್ಲೋ ಕಪನೂರಿನ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲೋ ಹುರಿಯುವ ಯಂತ್ರ ಇಟ್ಟು ಫಿಲ್ಟರ್ ಕಾಫಿ ಪುಡಿ ಮಾರಬಹುದೇ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ತೋಟ ದೂರ ಇದೆ ಅನ್ನುವುದು ಇದಕ್ಕೆ ಉತ್ತರವಲ್ಲ. ಜರ್ಮನಿ, ಇಟಲಿಯಲ್ಲಿ ಹೇಳಿಕೊಳ್ಳುವಂಥ ಕಾಫಿ ತೋಟವೇ ಇಲ್ಲ, ಆದರೆ ಹುರಿದ ಕಾಫಿ ರಫ್ತು ಮಾಡುವ ದೊಡ್ಡ ದೇಶಗಳ ಸಾಲಿನಲ್ಲಿ ಅವು ಇವೆ. ಗಿಡ ಎಲ್ಲಿ ಬೆಳೆಯಬೇಕು ಎಂಬುದನ್ನು ಮಣ್ಣು ಮತ್ತು ಮಳೆ ನಿರ್ಧರಿಸುತ್ತವೆ. ಹುರಿಯುವ ಲಾಭ ಯಾರ ಗಲ್ಲಾಕ್ಕೆ ಬೀಳಬೇಕು ಎಂಬುದನ್ನು ಬಹುಮಟ್ಟಿಗೆ ವ್ಯಾಪಾರದ ಕಟ್ಟಳೆಗಳು ನಿರ್ಧರಿಸುತ್ತವೆ: ಸುಂಕ, ತೆರಿಗೆ, ಪರವಾನಗಿ, ಹರಾಜು. ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಆ ಕಟ್ಟಳೆಗಳು ನಿಮ್ಮ ಪಾಲಿಗೆ ಏನು ಬಿಟ್ಟಿವೆ ಎಂದು ನೋಡಿಕೊಳ್ಳಿ.

ಮೊದಲ ಲೆಕ್ಕ ತೊಗರಿಯ ಜೊತೆ

ಅರ್ಥಶಾಸ್ತ್ರದವರು ತುಲನಾತ್ಮಕ ಅನುಕೂಲ ಎನ್ನುವುದು ‘ಯಾರು ಚೆನ್ನಾಗಿ ಮಾಡುತ್ತಾರೆ’ ಎಂಬ ಪ್ರಶ್ನೆಯಲ್ಲ. ಇದನ್ನು ಮಾಡಲು ಹೋಗಿ ನಾನು ಏನನ್ನು ಬಿಟ್ಟುಕೊಡುತ್ತೇನೆ ಎಂಬ ಪ್ರಶ್ನೆ. ಕಲಬುರಗಿಯವರು ಬಿಟ್ಟುಕೊಡುವುದು ಸಾಮಾನ್ಯವಾಗಿ ತೊಗರಿ. ಹಾಗಾಗಿ ಕಾಫಿಯ ಲಾಭವನ್ನು ಒಂಟಿಯಾಗಿ ನೋಡಬೇಡಿ, ಒಂದು ರೂಪಾಯಿ ಒಂದು ತಿಂಗಳಿಗೆ ಎಷ್ಟು ದುಡಿಯುತ್ತದೆ ಎಂದು ಎರಡನ್ನೂ ಅಕ್ಕಪಕ್ಕ ಇಡಿ.

ಉದಾಹರಣೆಗೆ, ತೊಗರಿಯಲ್ಲಿ ಹಾಕಿದ ಹಣ 45 ದಿನಕ್ಕೊಮ್ಮೆ ತಿರುಗಿ ಖರ್ಚು ಕಳೆದು 4% ಉಳಿಸಿದರೆ ತಿಂಗಳಿಗೆ ಸುಮಾರು 2.7% ಆಯಿತು. ಕಾಫಿಯಲ್ಲಿ 60 ದಿನಕ್ಕೊಮ್ಮೆ ತಿರುಗಿ 10% ಉಳಿದರೆ ತಿಂಗಳಿಗೆ 5%. ಇಷ್ಟು ನೋಡಿದ ಕೂಡಲೇ ಕೈಯಲ್ಲಿ 20 ಲಕ್ಷ ಇದ್ದರೆ ಅಷ್ಟನ್ನೂ ಕಾಫಿಗೆ ಹೊರಳಿಸಲು ಹೊರಡುವವರು ಎಡವುತ್ತಾರೆ. ತೊಗರಿ ಬೇಳೆಯ ಮಾರುಕಟ್ಟೆ ಇಪ್ಪತ್ತು ಲಕ್ಷವನ್ನು ಒಂದೇ ಬೆಳಗ್ಗೆ ನುಂಗುತ್ತದೆ. ಇಲ್ಲಿನ ಕಾಫಿ ಮಾರುಕಟ್ಟೆ ಮೂರು ಲಕ್ಷವನ್ನು ನುಂಗಲು ಎರಡು ತಿಂಗಳು ತಗೊಳ್ಳುತ್ತದೆ. ಆ ಮೂರು ಲಕ್ಷಕ್ಕೆ ಮಾತ್ರ 5%. ಮೇಲೆ ಹಾಕಿದ್ದು ಗೋಣಿಯಲ್ಲೇ ಕೂರುತ್ತದೆ.

ಎರಡನೆಯ ತೊಡಕು ಕಾಲದ್ದು. ತೊಗರಿ ಗಂಜಿಗೆ ಬರುವುದು ಡಿಸೆಂಬರಿನಿಂದ ಮಾರ್ಚ್. ಕಾಫಿಯ ಎರಡು ಜಾತಿಗಳಲ್ಲಿ ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಎರಡೂ ಸರಕು ಒಂದೇ ಹೊತ್ತಿಗೆ ಕೈಯಲ್ಲಿ ರೊಕ್ಕ ಕೇಳುತ್ತವೆ. ವರ್ಷದ ಕಾಫಿಯನ್ನು ಸುಗ್ಗಿಯಲ್ಲೇ ಕೊಂಡಿಡುವ ಆಸೆ ಬೇಡ. ತಿಂಗಳಿಗೆ ಬೇಕಾದ 10–15 ಮೂಟೆಯನ್ನಷ್ಟೇ ತರಿಸಿ. ಸುಗ್ಗಿಯಲ್ಲೇ ಕೊಳ್ಳಲೇಬೇಕೆಂದಿದ್ದರೆ ತೊಗರಿಯನ್ನು ನೋಂದಾಯಿತ ಗೋದಾಮಿನಲ್ಲಿಟ್ಟು ಎಲೆಕ್ಟ್ರಾನಿಕ್ ಗೋದಾಮು ರಸೀದಿಯ ಮೇಲೆ ಸಾಲ ಪಡೆಯುವ ದಾರಿ ಇದೆ. ಬಡ್ಡಿಯನ್ನು ಕಾಫಿಯ ಖರ್ಚಿಗೆ ಬರೆಯಲು ಮರೆಯಬೇಡಿ.

ದರ ಓದುವುದನ್ನು ಕಲಿಯಿರಿ

ತೊಗರಿಯಲ್ಲಿ ಕ್ವಿಂಟಲ್ ಎಂದರೆ ಮುಗಿಯಿತು. ಕಾಫಿ ದರ ನಾಲ್ಕು ಭಾಷೆಯಲ್ಲಿ ಮಾತಾಡುತ್ತದೆ, ಹೊಸಬರ ಮೊದಲ ನಷ್ಟ ಇಲ್ಲೇ.

ಅರೇಬಿಕಾದ ಜಾಗತಿಕ ದರ ನ್ಯೂಯಾರ್ಕ್ ವಾಯಿದೆ ಮಾರುಕಟ್ಟೆಯಲ್ಲಿ, ಒಂದು ಪೌಂಡಿಗೆ ಇಷ್ಟು ಸೆಂಟ್ ಎಂದು. ರೊಬಸ್ಟಾದ್ದು ಲಂಡನ್ನಿನಲ್ಲಿ, ಒಂದು ಟನ್ನಿಗೆ ಇಷ್ಟು ಡಾಲರ್ ಎಂದು. ಒಂದು ಕೆಜಿ ಎಂದರೆ 2.2046 ಪೌಂಡ್. ಲೆಕ್ಕಕ್ಕೆ ಡಾಲರಿಗೆ 85 ರೂಪಾಯಿ ಹಿಡಿದರೆ, ನ್ಯೂಯಾರ್ಕಿನ 300 ಸೆಂಟ್ ಅಂದರೆ ಕೆಜಿಗೆ 6.61 ಡಾಲರ್, ಅಂದರೆ 562 ರೂಪಾಯಿ. ಲಂಡನ್ನಿನ 4,000 ಡಾಲರ್ ಅಂದರೆ ಕೆಜಿಗೆ 340 ರೂಪಾಯಿ. ನಮ್ಮ ಕಾಳಿನ ದರ್ಜೆ ನೋಡಿ ಇದರ ಮೇಲೆ ಹೆಚ್ಚೋ ಕಡಿಮೆಯೋ ಸೇರುತ್ತದೆ.

ಮೂರನೆಯದು ತೋಟದ ದರ. ಕಾಫಿ ಮಂಡಳಿ ದಿನವೂ ಪ್ರಕಟಿಸುವ ಪಟ್ಟಿಯಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು), ರೊಬಸ್ಟಾ ಚೆರ್ರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಮುಂತಾದವಕ್ಕೆ 50 ಕೆಜಿ ಮೂಟೆಯ ದರ ಇರುತ್ತದೆ. ಅದು ಸಿಪ್ಪೆಸಹಿತ ಕಾಫಿ. 50 ಕೆಜಿ ರೊಬಸ್ಟಾ ಒಣ ಚೆರ್ರಿ ಸಿಪ್ಪೆ ಬಿಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ ಬಂದರೆ ಸಿಗುವ ಕಾಳು 26–28 ಕೆಜಿ. ಇದನ್ನೇ ಔಟ್‌ಟರ್ನ್ ಅನ್ನುತ್ತಾರೆ. ಪಾರ್ಚ್‌ಮೆಂಟಿನಲ್ಲಾದರೆ ಸುಮಾರು 40 ಕೆಜಿ ಸಿಗುತ್ತದೆ. ಮೂಟೆಗೆ 10,000 ರೂಪಾಯಿ ಕೊಟ್ಟ ಚೆರ್ರಿ 27 ಕೆಜಿ ಬಿಟ್ಟರೆ ಕಾಳು ಕೆಜಿಗೆ 370 ಬಿತ್ತು. 25 ಕೆಜಿ ಮಾತ್ರ ಬಿಟ್ಟರೆ 400. ಔಟ್‌ಟರ್ನ್ ಕೇಳದೆ ಚೆರ್ರಿ ಕೊಂಡವರು ಈ 30 ರೂಪಾಯಿ ಕಳೆದುಕೊಳ್ಳುತ್ತಾರೆ, ಕ್ಯೂರಿಂಗ್ ಕೂಲಿ ಬೇರೆ. ಕಲಬುರಗಿಯಿಂದ ಕೊಳ್ಳುವವರು ಚೆರ್ರಿಗೆ ಕೈ ಹಾಕದಿರುವುದೇ ಮೇಲು. ದುಡ್ಡು ಕೊಟ್ಟು ಸಿಪ್ಪೆ ಹೊರಿಸಿಕೊಂಡು ಬರುವಷ್ಟು ಹತ್ತಿರ ನಾವಿಲ್ಲ.

ನಾಲ್ಕನೆಯದು ನಿಮಗೆ ಬೇಕಾದ ದರ: ಸಿಪ್ಪೆ ತೆಗೆದು ಜಾಲಾಡಿ ದರ್ಜೆ ಮಾಡಿದ ಕಾಳು, ಕೆಜಿಗೆ ಇಷ್ಟು. ನೀರಿನಲ್ಲಿ ಸಂಸ್ಕರಿಸಿದ ಅರೇಬಿಕಾಕ್ಕೆ ಪ್ಲಾಂಟೇಷನ್ ಎಂಬ ಹೆಸರು. ಅದರಲ್ಲಿ ಎ ದರ್ಜೆ 6.65 ಮಿಮೀ ಜರಡಿಯ ಮೇಲೆ ನಿಲ್ಲುವುದು, ಬಿ 6 ಮಿಮೀ, ಸಿ 5.5 ಮಿಮೀ. ಪಿಬಿ ಅಂದರೆ ಜೋಡಿ ಬೇಳೆಯಿಲ್ಲದೆ ಒಂಟಿಯಾಗಿ ದುಂಡಗೆ ಬೆಳೆದ ಕಾಳು. ರೊಬಸ್ಟಾದಲ್ಲಿ ಚೆರ್ರಿ ಎಬಿ ಎಂಬ ದರ್ಜೆ ಹೋಟೆಲು ಪುಡಿಯ ಬೆನ್ನೆಲುಬು. ಫಿಲ್ಟರ್ ಪುಡಿಗೆ ಎ ದರ್ಜೆಯೇ ಬೇಕೆಂಬ ಹಟ ಅನಗತ್ಯ. ಗಾತ್ರ ಒಂದೇ ಸಮ ಇದ್ದರೆ ಬಿ ಅಥವಾ ಪಿಬಿ ಚೆನ್ನಾಗಿಯೇ ಹುರಿಯುತ್ತದೆ, ಹಣವೂ ಉಳಿಯುತ್ತದೆ.

ಕಟ್ಟಳೆಗಳು ಎಲ್ಲಿ ಯಾರನ್ನು ಗೆಲ್ಲಿಸುತ್ತವೆ

ನೀವು ಇವತ್ತು ತೋಟದವರಿಂದ ನೇರವಾಗಿ ಕಾಳು ತರಿಸಿಕೊಳ್ಳಬಹುದು ಎನ್ನುವುದೇ ಹೊಸ ವಿಷಯ. 1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ಕಾಫಿಯನ್ನು ಮಂಡಳಿಯ ಪೂಲಿಗೆ, ಅಂದರೆ ಒಟ್ಟು ರಾಶಿಗೆ, ಒಪ್ಪಿಸಬೇಕಿತ್ತು. ಮಂಡಳಿ ಹರಾಜು ಹಾಕುತ್ತಿತ್ತು, ಬೆಳೆಗಾರರಿಗೆ ಹಣ ಕಂತುಕಂತಾಗಿ ಬರುತ್ತಿತ್ತು. ಹೊರಗೆ 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಂತೆ ದೇಶಕ್ಕೆ ಇಷ್ಟೇ ರಫ್ತು ಎಂಬ ಕೋಟಾ ವ್ಯವಸ್ಥೆ. ಅಂಥ ಏರ್ಪಾಡಿನಲ್ಲಿ ಒಳ್ಳೆ ಕಾಳಿಗಾಗಿ ಹೆಚ್ಚು ಶ್ರಮಪಟ್ಟವರಿಗೆ ತಕ್ಕ ಪ್ರತಿಫಲ ಇರಲಿಲ್ಲ, ಎಲ್ಲರ ಸರಕೂ ಒಂದೇ ರಾಶಿ. 1989ರ ಜುಲೈನಲ್ಲಿ ಕೋಟಾ ಮುರಿದುಬಿತ್ತು, ದರ ಕುಸಿಯಿತು. 1992ರಿಂದ ಹಂತಹಂತವಾಗಿ ಪೂಲ್ ಸಡಿಲಗೊಂಡು 1996ರ ಹೊತ್ತಿಗೆ ಬೆಳೆಗಾರರು ತಮ್ಮೆಲ್ಲ ಕಾಫಿಯನ್ನು ಬೇಕಾದವರಿಗೆ ಮಾರುವಂತಾಯಿತು. ತೋಟದ ಹೆಸರಿನಲ್ಲಿ ಕಾಫಿ ಮಾರುವುದು, ಸಣ್ಣ ಊರಿನ ಸಣ್ಣ ಹುರಿಗಾರರು ಹತ್ತು ಮೂಟೆ ತರಿಸುವುದು ಆಮೇಲಿನ ಮಾತು. ಮಣ್ಣು ಅದೇ, ಗಿಡ ಅದೇ. ಬದಲಾದದ್ದು ಏರ್ಪಾಡು.

ಈಗ ಸುಂಕ. ಯುರೋಪ್ ಒಕ್ಕೂಟಕ್ಕೆ ಹಸಿ (ಹುರಿಯದ) ಕಾಳು ಹೋದರೆ ಸಾಮಾನ್ಯ ಸುಂಕ ಸೊನ್ನೆ. ಹುರಿದ ಕಾಫಿಗೆ 7.5%, ಇನ್‌ಸ್ಟಂಟ್‌ಗೆ 9%. 7.5% ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಹುರಿದ ಕಾಫಿಯ ಬೆಲೆ 100 ಇದ್ದು ಅದರಲ್ಲಿ ಕಾಳಿನ ಪಾಲು 80 ಎನ್ನಿ. ಹುರಿಯುವವರ ದುಡಿಮೆ 20. ಸುಂಕದಿಂದಾಗಿ ಅಲ್ಲಿನ ಹುರಿಗಾರರು 107.5ರವರೆಗೆ ಮಾರಬಹುದು, ಕಾಳು ಮಾತ್ರ ಅವರಿಗೆ 80ಕ್ಕೇ ಸಿಗುತ್ತದೆ. ಅವರ ಪಾಲು 20ರಿಂದ 27.5ಕ್ಕೆ ಏರಿತು. ಹುರಿಯುವ ಕೆಲಸದ ಮೇಲೆ ಇದು 37.5% ರಕ್ಷಣೆ. ಯಾವ ಸುಂಕವನ್ನೇ ಆಗಲಿ ಹೀಗೆ ಅಳೆಯಿರಿ: ಸರಕಿನ ಪೂರ್ತಿ ಬೆಲೆಯ ಮೇಲಲ್ಲ, ನೀವು ಸೇರಿಸುವ ಮೌಲ್ಯದ ಮೇಲೆ.

ಇದೇ ಅಳತೆ ತೊಗರಿಗೂ ಕೂರುತ್ತದೆ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತೊಗರಿ ಆಮದಿಗೆ ನಿರ್ಬಂಧ ತೆಗೆದು ಬಾಗಿಲು ತೆರೆದ ಮೇಲೆ ಮ್ಯಾನ್ಮಾರ್, ಮೊಜಾಂಬಿಕ್ ಕಾಳು ಬಂದರಿಗೆ ಇಳಿಯುತ್ತದೆ. ಆಗ ಅನುಕೂಲ ವಾಲುವುದು ಹೊಲದ ಹತ್ತಿರದ ಮಿಲ್ಲಿನಿಂದ ಬಂದರಿನ ಹತ್ತಿರದ ಮಿಲ್ಲಿಗೆ. ಗಂಜಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶ ಕಾಫಿ ಆಮದಿನ ಮೇಲೆ ಹಾಕುವ ಸಾಮಾನ್ಯ ಸುಂಕ 100%. 2010ರ ಜನವರಿಯಲ್ಲಿ ಜಾರಿಗೆ ಬಂದ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ) ಒಪ್ಪಂದದಲ್ಲಿ ಕಾಫಿಯನ್ನು ವಿಶೇಷ ಸರಕುಗಳ ಪಟ್ಟಿಯಲ್ಲಿಟ್ಟು, ಸುಂಕವನ್ನು ವರ್ಷವರ್ಷ ಇಳಿಸಿ 2019ರ ಕೊನೆಗೆ 45%ಕ್ಕೆ ತರುವ ಕರಾರಾಯಿತು. ನೂರು ಪರ್ಸೆಂಟ್ ಸುಂಕ ಇರುವುದರಿಂದಲೇ ಇಲ್ಲಿ ಕಾಫಿ ದುಬಾರಿ ಎನ್ನುವವರ ಮಾತು ಸರಿಯಲ್ಲ. ಭಾರತ ಬೆಳೆದದ್ದರಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ. ರಫ್ತು ಮಾಡಿದರೆ ಎಷ್ಟು ಸಿಗುತ್ತದೋ ಅದಕ್ಕಿಂತ ಕಡಿಮೆಗೆ ತೋಟದವರು ನಿಮಗೇಕೆ ಕೊಟ್ಟಾರು? ಹಾಗಾಗಿ ನಿಮ್ಮ ದರ ಲಂಡನ್, ನ್ಯೂಯಾರ್ಕಿನ ಬಾಲ ಹಿಡಿದೇ ಓಡಾಡುತ್ತದೆ. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಪೌಂಡಿಗೆ 4 ಡಾಲರ್ ದಾಟಿದಾಗ ಇಲ್ಲಿನ ಪುಡಿ ದರವೂ ಏರಿದ್ದು ಹೀಗೆ.

ಆದರೆ ಸುಂಕ ಒಂದು ಬಾಗಿಲನ್ನು ಖಂಡಿತ ಮುಚ್ಚಿದೆ. ವಿಯೆಟ್ನಾಮಿನ ಅಗ್ಗದ ರೊಬಸ್ಟಾವನ್ನು ದೇಶದೊಳಗೆ ಮಾರಲು ತರಿಸಿದರೆ ಸುಂಕ ಕಟ್ಟಬೇಕು. ಇನ್‌ಸ್ಟಂಟ್ ಕಾಫಿ ಮಾಡಿ ಹೊರದೇಶಕ್ಕೆ ಕಳಿಸುವ ದೊಡ್ಡ ಕಾರ್ಖಾನೆಗಳು ಮುಂಗಡ ಅನುಮತಿ ಯೋಜನೆಯಡಿ ಅದೇ ಕಾಳನ್ನು ಸುಂಕವಿಲ್ಲದೆ ತರಿಸುತ್ತವೆ, ಮುಖ್ಯ ಷರತ್ತು: ಅದರಿಂದ ಮಾಡಿದ ಸರಕು ರಫ್ತಾಗಬೇಕು. ಕಾಳು ಒಂದೇ, ಕಾಗದ ಬೇರೆ. ಭಾರತದ ಇನ್‌ಸ್ಟಂಟ್ ರಫ್ತಿನ ಬಲದಲ್ಲಿ ಈ ಕಾಗದದ ಪಾಲು ದೊಡ್ಡದು. ಕಪನೂರಿನ ಶೆಡ್ಡಿಗೆ ಅದು ಎಟುಕದು.

ಹಾಗಾದರೆ ಹುರಿದ ಪುಡಿ ರಫ್ತು? ಯಾರಾದರೂ ಆಸೆ ತೋರಿಸಿದರೆ ಒಂದು ಸಣ್ಣ ಪರೀಕ್ಷೆ ಮಾಡಿ. ದೇಶದ ಒಟ್ಟು ರಫ್ತಿನಲ್ಲಿ ಆ ಸರಕಿನ ಪಾಲನ್ನು ಜಗತ್ತಿನ ಒಟ್ಟು ರಫ್ತಿನಲ್ಲಿ ಅದೇ ಸರಕಿನ ಪಾಲಿನಿಂದ ಭಾಗಿಸಿ. 1965ರಲ್ಲಿ ಅರ್ಥಶಾಸ್ತ್ರಜ್ಞ ಬೇಲಾ ಬಲಾಸಾ ಕೊಟ್ಟ ಸೂಚ್ಯಂಕ ಇದು. 1ಕ್ಕಿಂತ ಹೆಚ್ಚಿದ್ದರೆ ಅನುಕೂಲ ಇದೆ ಎಂದರ್ಥ. ಹಸಿ ಕಾಳಿಗೆ 090111, ಹುರಿದದ್ದಕ್ಕೆ 090121, ಇನ್‌ಸ್ಟಂಟ್ ಸಾರಕ್ಕೆ 210111 ಎಂಬ ಸರಕು ಸಂಖ್ಯೆಗಳನ್ನು ಹಿಡಿದು ಮೂರನ್ನೂ ಬೇರೆಬೇರೆ ಹಾಕಿ. ಒಟ್ಟಾಗಿ ‘ಕಾಫಿ’ ಎಂದು ಹಾಕಿದರೆ ಹಸಿ ಕಾಳಿನ ಬಲ ಹುರಿದ ಕಾಫಿಯ ದೌರ್ಬಲ್ಯವನ್ನು ಮುಚ್ಚಿಹಾಕುತ್ತದೆ. ಈ ಅಂಕಿ ಇರುವ ಏರ್ಪಾಡಿನೊಳಗಿನ ಫಲಿತಾಂಶವನ್ನಷ್ಟೇ ತೋರಿಸುತ್ತದೆ, ಸುಂಕ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಹೇಳುವುದಿಲ್ಲ. ಜೊತೆಗೆ ಯುರೋಪಿನ ಅರಣ್ಯನಾಶ ನಿಯಮ ತೋಟದ ಭೂ ನಿರ್ದೇಶಾಂಕ ಕೇಳುತ್ತದೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಸಲ್ಲದು. ಹತ್ತು ತೋಟದ ಕಾಳು ಬೆರೆಸುವ ಸಣ್ಣ ಹುರಿಗಾರರಿಗೆ ಆ ದಾಖಲೆ ಜೋಡಿಸುವುದೇ ಒಂದು ಉದ್ಯೋಗ. ರಫ್ತಿನ ಮಾತು ಬಿಡಿ.

ಗಡಿಯ ಊರಿನ ಜಿಎಸ್‌ಟಿ

ಹುರಿಯದ ಕಾಳಿಗೆ ಜಿಎಸ್‌ಟಿ ಇಲ್ಲ. ಹುರಿದ ಕಾಫಿಗೆ 5%. ಕಾಳಿನ ಮೇಲೆ ತೆರಿಗೆ ಕಟ್ಟದ್ದರಿಂದ ಹಿಂದಕ್ಕೆ ಪಡೆಯಲು ಏನೂ ಇರುವುದಿಲ್ಲ, ಯಂತ್ರ, ಪ್ಯಾಕಿಂಗ್ ಮುಂತಾದವುಗಳದ್ದಷ್ಟೇ ಸಿಗುತ್ತದೆ. ವಹಿವಾಟು 1.5 ಕೋಟಿಯೊಳಗಿದ್ದರೆ ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಷನ್ ಯೋಜನೆಯಲ್ಲಿ 1% ಕಟ್ಟಿ ಮುಗಿಸಬಹುದು, ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಸುಲಭ ಕಾಣುತ್ತದೆ, ಆದರೆ ಈ ಯೋಜನೆಯಲ್ಲಿ ಬೇರೆ ರಾಜ್ಯಕ್ಕೆ ಸರಕು ಮಾರುವಂತಿಲ್ಲ. ಮೈಸೂರಿನವರಿಗೆ ಇದು ದೊಡ್ಡ ತೊಂದರೆಯಲ್ಲ. ಕಲಬುರಗಿಗೆ ಸೊಲ್ಲಾಪುರ ನೂರು ಚಿಲ್ಲರೆ ಕಿಲೋಮೀಟರ್, ಬೀದರಿಗೆ ಜಹೀರಾಬಾದ್ ಮಗ್ಗುಲಲ್ಲೇ, ಯಾದಗಿರಿಯವರು ದಾಟಿದರೆ ನಾರಾಯಣಪೇಟೆ. ನಮ್ಮ ಸಹಜ ಮಾರುಕಟ್ಟೆಯ ಅರ್ಧ ರಾಜ್ಯದ ಗೆರೆಯಾಚೆ ಇದೆ. ಗಡಿ ದಾಟಿ ಮಾರುವ ಯೋಚನೆ ಇದ್ದರೆ ಮೊದಲಿನಿಂದಲೇ ಸಾಮಾನ್ಯ ನೋಂದಣಿ ಮಾಡಿಸಿ.

ಇನ್ನೊಂದು ಬದಲಾವಣೆ 2025ರ ಸೆಪ್ಟೆಂಬರ್ 22ರದು. ಅಲ್ಲಿಯವರೆಗೆ ಇನ್‌ಸ್ಟಂಟ್ ಕಾಫಿಗೆ 18% ಇತ್ತು, ಫಿಲ್ಟರ್ ಪುಡಿಯವರಿಗೆ ಅದು ಬೇಲಿಯಂತಿತ್ತು. ಈಗ ಅದಕ್ಕೂ 5%. ಬೆಲೆಯ ಮೇಲೆ ಅದರ ಜೊತೆ ಗುದ್ದಾಡಬೇಡಿ. ಅದು ಕೊಡಲಾರದ್ದು ಒಂದೇ, ಈ ವಾರ ಹುರಿದ ಪುಡಿಯ ಘಮ.

ಹುರಿಯುವುದು, ಬೆರೆಸುವುದು

ಯಂತ್ರ 5 ಕೆಜಿಯದು ಸಾಕು. ಹುರಿಯಲು 13–15 ನಿಮಿಷ, ತಣಿಸಲು ಐದು. ಗಂಟೆಗೆ ಮೂರು ಬಾರಿ ಎಂದರೆ 15 ಕೆಜಿ ಹಸಿ ಕಾಳು. ತೂಕದಲ್ಲಿ 17% ಇಳಿಯುತ್ತದೆ ಎಂದು ಹಿಡಿದರೆ 12.45 ಕೆಜಿ. ದಿನಕ್ಕೆ ಆರು ಗಂಟೆ, ತಿಂಗಳಿಗೆ 20 ದಿನ ನಡೆಸಿದರೆ ಸುಮಾರು 1,490 ಕೆಜಿ. ಕಪ್ಪಿಗೆ 10 ಗ್ರಾಂ ಹಿಡಿದರೆ ದಿನಕ್ಕೆ 200 ಕಪ್ ಹೋಗುವ ಹೋಟೆಲಿಗೆ ತಿಂಗಳಿಗೆ 60 ಕೆಜಿ ಬೇಕು. ಅಂಥ ಎಂಟು ಹೋಟೆಲು ಹಿಡಿದರೂ 480 ಕೆಜಿ. 15 ಕೆಜಿ ಯಂತ್ರ ಕೊಂಡವರದ್ದು ದಿನದ ಬಹುಪಾಲು ಸುಮ್ಮನೆ ನಿಂತಿರುತ್ತದೆ.

ಅರೇಬಿಕಾ, ರೊಬಸ್ಟಾ ಬೇರೆಬೇರೆ ಹುರಿದು ಆಮೇಲೆ ಬೆರೆಸಿ. ರೊಬಸ್ಟಾ ಗಟ್ಟಿ ಕಾಳು, ಒಟ್ಟಿಗೆ ಹಾಕಿದರೆ ಒಂದು ಕರಕಲಾಗುವ ಹೊತ್ತಿಗೆ ಇನ್ನೊಂದು ಒಳಗೆ ಹಸಿಯಾಗಿರುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಳು ಸಿಡಿಯುವ ಮೊದಲ ಚಟಪಟ ಕೇಳುತ್ತದೆ. ಫಿಲ್ಟರ್ ಕಾಫಿಗೆ ಅದು ಮುಗಿದು ಎರಡನೆಯ ಚಟಪಟ ಶುರುವಾಗುವ ಮುಂಚೆ, ಅಂದರೆ 215–220ರಲ್ಲಿ ಇಳಿಸಿ. ಹೊರಮೈಯಲ್ಲಿ ಎಣ್ಣೆ ಒಸರಿದರೆ ನಮ್ಮ ಬೇಸಿಗೆಯಲ್ಲಿ ಬೇಗ ಕಮಟು ವಾಸನೆ ಹಿಡಿಯುತ್ತದೆ. ಹುರಿದ ಕಾಳಿನಿಂದ ಅನಿಲ ಬಿಡಲು 12–24 ಗಂಟೆ ಕೊಟ್ಟು ಬೀಸಿ. ಬಿಸಿಯಲ್ಲೇ ಬೀಸಿ ತುಂಬಿದರೆ ಪೊಟ್ಟಣ ಉಬ್ಬುತ್ತದೆ.

ವೆಚ್ಚದ ಮಾದರಿ ಹೀಗೆ (ದರಗಳು ಲೆಕ್ಕಕ್ಕೆ ಹಿಡಿದವು, ಆ ದಿನದ ದರ ಹಾಕಿಕೊಳ್ಳಿ). 60 ಪಾಲು ಪ್ಲಾಂಟೇಷನ್ 600ರಂತೆ, 40 ಪಾಲು ರೊಬಸ್ಟಾ 400ರಂತೆ: ಮಿಶ್ರ ದರ 520. ಲಾರಿ ಬಾಡಿಗೆ, ಹಮಾಲಿ 6 ಸೇರಿ 526. ಹುರಿದಾಗ ತೂಕ 17% ಇಳಿಯುವುದರಿಂದ ಇದನ್ನು 0.83ರಿಂದ ಭಾಗಿಸಿದರೆ 634. ಇಲ್ಲಿ ಬಹಳ ಮಂದಿ 526ಕ್ಕೆ 17% ಕೂಡಿಸಿ 615 ಬರೆದುಕೊಳ್ಳುತ್ತಾರೆ, ಕೆಜಿಗೆ 19 ರೂಪಾಯಿ ಸದ್ದಿಲ್ಲದೆ ಹೋಗುತ್ತದೆ. ಹುರಿದ ಚಿಕೋರಿ (ಕಾಫಿಗೆ ಬೆರೆಸುವ ಒಂದು ಬೇರಿನ ಪುಡಿ) 150ರಂತೆ 30% ಬೆರೆಸಿದರೆ 489. ಗ್ಯಾಸ್, ಕರೆಂಟು, ಕೂಲಿ, ಪೊಟ್ಟಣಕ್ಕೆ 35 ಸೇರಿ 524. ಶೆಡ್ಡಿನ ಬಾಡಿಗೆ, ಸಂಬಳ, ಬಡ್ಡಿ ಎಲ್ಲ ಸೇರಿ ತಿಂಗಳಿಗೆ 40,000 ಆದರೆ 300 ಕೆಜಿ ಮಾರಿದಾಗ ಕೆಜಿಗೆ 133, 800 ಕೆಜಿ ಮಾರಿದಾಗ 50. ಲಾರಿ ಬಾಡಿಗೆಯ 6 ರೂಪಾಯಿಗೂ ಈ 83ರ ವ್ಯತ್ಯಾಸಕ್ಕೂ ಹೋಲಿಸಿ ನೋಡಿ. ತೋಟ ದೂರ ಇರುವುದು ಕೆಡಿಸುವುದಕ್ಕಿಂತ ಗಿರಾಕಿ ಕಡಿಮೆ ಇರುವುದು ಹೆಚ್ಚು ಕೆಡಿಸುತ್ತದೆ.

ಚಿಕೋರಿ ಬರುವುದು ಗುಜರಾತಿನ ಜಾಮ್‌ನಗರ, ಆಣಂದ್ ಕಡೆಯಿಂದ ಮತ್ತು ಉತ್ತರ ಪ್ರದೇಶದ ಏಟಾದಿಂದ. ಕಾನೂನಿನಂತೆ ಮಿಶ್ರಣದಲ್ಲಿ ಕಾಫಿ ತೂಕದಲ್ಲಿ 51%ಕ್ಕಿಂತ ಕಡಿಮೆ ಇರಬಾರದು, ಕಾಫಿ ಎಷ್ಟು ಚಿಕೋರಿ ಎಷ್ಟು ಎಂದು ಪೊಟ್ಟಣದ ಮೇಲೆ ಅಚ್ಚಾಗಿರಬೇಕು. ಚಿಕೋರಿ ಹೆಚ್ಚಾದಷ್ಟೂ ಪುಡಿ ನೀರು ಹಿಡಿದುಕೊಂಡು ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವುದು ನಿಧಾನ. ಅಂಥ ಪುಡಿಯನ್ನು ತುಸು ತರಿಯಾಗಿ ಬೀಸಿ.

ಇಲ್ಲಿಯದೇ ಆದ ತಪ್ಪುಗಳು

ತೊಗರಿ ಗೋದಾಮಿನಲ್ಲೇ ಕಾಫಿ ಇಡುವುದು ಮೊದಲನೆಯದು. ಹುಳಕ್ಕೆ ಇಡುವ ಗುಳಿಗೆಯ ವಾಸನೆ, ಮೆಣಸಿನಕಾಯಿ ಘಾಟು, ಹಳೆ ಗೋಣಿಯ ಎಣ್ಣೆ ವಾಸನೆ ಎಲ್ಲವನ್ನೂ ಹಸಿ ಕಾಳು ಹೀರಿಕೊಳ್ಳುತ್ತದೆ. ಹುರಿದರೂ ಹೋಗುವುದಿಲ್ಲ. ಬೇರೆ ಕೋಣೆ, ನೆಲಕ್ಕೆ ತಾಗದಂತೆ ಹಲಗೆ, ಗೋಡೆಯಿಂದ ಒಂದು ಅಡಿ ದೂರ.

ಎರಡನೆಯದು ತೇವಾಂಶ. ಮಿಲ್ಲಿನಲ್ಲಿ ತೊಗರಿಗೆ ಬಳಸುವ ಮಾಪಕದಲ್ಲಿ ಕಾಫಿಯ ಅಳತೆ ಹೊಂದಿಸದೆ ನೋಡಿದರೆ ಸುಳ್ಳು ಅಂಕಿ ಬರುತ್ತದೆ. 11% ಇರುವ 50 ಕೆಜಿ ಮೂಟೆ ಮೇ ತಿಂಗಳ ಬಿಸಿಲಿಗೆ 9%ಕ್ಕೆ ಇಳಿದರೆ 48.9 ಕೆಜಿ ತೂಗುತ್ತದೆ. ಗಾಬರಿ ಬೇಡ, ಆ ನೀರು ಹುರಿಯುವಾಗ ಹೇಗೂ ಹೋಗುತ್ತಿತ್ತು, ಪುಡಿ ಕಡಿಮೆಯಾಗಲಿಲ್ಲ. ಸ್ವಾದ ಮಾತ್ರ ಮಂಕಾಗುತ್ತದೆ. ನಿಜವಾದ ನಷ್ಟ ಆಗುವುದು 13% ಇರುವ ಕಾಳು ಕೊಂಡಾಗ. ಅದು ಕಾಫಿ ದರದಲ್ಲಿ ಕೊಂಡ ನೀರು, ಬೂಷ್ಟು ಹಿಡಿಯುವ ಭಯ ಬೇರೆ.

ಮೂರನೆಯದು ನೀರು. ಶಹಾಬಾದ್ ಕಲ್ಲು, ಸೇಡಂ–ಚಿತ್ತಾಪುರದ ಸಿಮೆಂಟ್ ಸುಣ್ಣಕಲ್ಲಿನ ನೆಲದ ಬೋರಿನ ನೀರು ಗಡಸು. ಅದರಲ್ಲಿ ಇಳಿಸಿದ ಡಿಕಾಕ್ಷನ್ ಸಪ್ಪೆಯಾಗಿ, ಹುಳಿಯ ಚುರುಕು ಸತ್ತು ಬರುತ್ತದೆ, ಬೈಸಿಕೊಳ್ಳುವುದು ಮಾತ್ರ ಪುಡಿ. ನೀರಿನಲ್ಲಿ ಕರಗಿದ ಲವಣ ಲೀಟರಿಗೆ 150 ಮಿಲಿಗ್ರಾಂ ಆಸುಪಾಸು ಇದ್ದರೆ ಒಳ್ಳೆಯದು. ಆರ್‌ಒ ಯಂತ್ರದಲ್ಲಿ 20–30ಕ್ಕೆ ಇಳಿಸಿದರೂ ಕೆಡುತ್ತದೆ, ಸ್ವಲ್ಪ ಸಾದಾ ನೀರು ಬೆರೆಸಲು ಹೇಳಿ. ಹೋಟೆಲಿಗೆ ಮಾದರಿ ಕೊಡಲು ಹೋಗುವಾಗ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಮೀಟರ್ ಜೇಬಿನಲ್ಲಿರಲಿ. ಇಷ್ಟು ಸಣ್ಣ ಸೇವೆಯನ್ನು ಬೆಂಗಳೂರಿನಿಂದ ಪಾರ್ಸೆಲ್ ಕಳಿಸುವವರು ಕೊಡಲಾರರು.

ಕೊನೆಯದು ಉದ್ರಿ. ಬೇಳೆಯ ರೂಢಿಯಂತೆ ತಿಂಗಳ ಉದ್ರಿ ಕೊಟ್ಟರೆ ಮೇಲೆ ಹಾಕಿದ 60 ದಿನದ ಸುತ್ತು 90 ಆಗುತ್ತದೆ, ತಿಂಗಳ 5% ಇಳಿದು 3.3%ಕ್ಕೆ ಬರುತ್ತದೆ, ಬಡ್ಡಿ ಕಳೆದರೆ ತೊಗರಿಯೇ ವಾಸಿ. ವಾರಕ್ಕೊಮ್ಮೆ ಪುಡಿ, ಹಿಂದಿನ ವಾರದ ಹಣ ಬಂದ ಮೇಲೆ ಮುಂದಿನ ಪೊಟ್ಟಣ. ಪುಡಿ ವಾರವಾರ ತಾಜಾ ಇರಬೇಕೆಂಬ ಕಾರಣವನ್ನೇ ಮುಂದಿಟ್ಟರೆ ಹೋಟೆಲಿನವರೂ ಒಪ್ಪುತ್ತಾರೆ.